ಕಾವೇರಿ ಬಲ್ಲ ಮಕ್ಕಳಿಗೆ ನೈಲ್ ನದಿ: ಹೈಸ್ಕೂಲಿನಲ್ಲಿ ಚರ್ಚೆ ಕಲಿಸುವ ಬಗೆ

‘ಜಾಗತಿಕ ತಾಪಮಾನ: ಕಾರಣ ಮತ್ತು ಪರಿಹಾರ’ ಎಂದು ವಿಷಯ ಕೊಟ್ಟರೆ ಮಕ್ಕಳು ಭಾಷಣ ಮಾಡುತ್ತಾರೆ, ಚರ್ಚೆ ಮಾಡುವುದಿಲ್ಲ. ತಾಪಮಾನ ಏರಲಿ ಎನ್ನುವವರು ಯಾರೂ ಇಲ್ಲ. ವಿರೋಧಕ್ಕೆ ನಿಂತ ಹುಡುಗಿ ಪಾಪ, ಹೇಳುವುದಾದರೂ ಏನನ್ನು? ಚರ್ಚೆಗೆ ಇಡುವ ವಾಕ್ಯದಲ್ಲಿ ಮೂರು ಸಂಗತಿ ಇರಬೇಕು: ತೀರ್ಮಾನ ಮಾಡಬೇಕಾದವರು ಯಾರು, ಮಾಡಬೇಕಾದ ಕೆಲಸ ಏನು, ಅದರಿಂದ ನಷ್ಟ ಯಾರಿಗೆ. ಮೂರರಲ್ಲಿ ಒಂದು ಸಿಗದಿದ್ದರೂ ವಿಷಯ ಬದಲಿಸಿ.

ಮಂಡ್ಯ, ಮೈಸೂರಿನ ಎಂಟು–ಒಂಬತ್ತನೇ ತರಗತಿಯವರಿಗೆ ನೀರಿನ ವಿಷಯ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಟಿಎಂಸಿ (ಶತಕೋಟಿ ಘನ ಅಡಿ), ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ), ಒಳಹರಿವು, ಹೊರಹರಿವು ಎಲ್ಲವೂ ಮನೆಯಲ್ಲಿ ಕೇಳಿದ ಮಾತೇ. ಹಾಗೆಂದು ಕಾವೇರಿಯಿಂದಲೇ ಶುರು ಮಾಡಬೇಡಿ. ಕಾವೇರಿಗೆ ಉತ್ತರವನ್ನು ಮನೆಯಿಂದಲೇ ತಂದಿರುತ್ತಾರೆ. ಉತ್ತರ ಕೈಯಲ್ಲಿರುವವರು ಹುಡುಕಲು ಹೋಗುವುದಿಲ್ಲ. ನೈಲ್ ನದಿಯಿಂದ ಶುರು ಮಾಡಿ, ಐದನೇ ವಾರ ಕಾವೇರಿಗೆ ಬನ್ನಿ.

ವಾಕ್ಯ ಹೀಗಿರಲಿ: “ಬರದ ವರ್ಷಗಳಲ್ಲೂ ಇಷ್ಟು ನೀರು ಬಿಡುತ್ತೇವೆ ಎಂದು ಇಥಿಯೋಪಿಯ ಲಿಖಿತ ಒಪ್ಪಂದಕ್ಕೆ ಸಹಿ ಹಾಕಬೇಕು.” ಮಳೆ ಕೈಕೊಟ್ಟ ವರ್ಷ ಕಾವೇರಿ ನೀರು ಹಂಚುವುದು ಹೇಗೆ ಎಂದು ನಮ್ಮ ಪತ್ರಿಕೆಗಳಲ್ಲಿ ಬರುವ ‘ಸಂಕಷ್ಟ ಸೂತ್ರ’ದ ಜಗಳವೇ ಇದು, ಭೂಪಟ ಮಾತ್ರ ಬೇರೆ. ನೈಲ್‌ನ ಉಪನದಿ ನೀಲಿ ನೈಲ್‌ಗೆ ಅಡ್ಡಲಾಗಿ ಇಥಿಯೋಪಿಯ 2011ರಲ್ಲಿ ರೆನೈಸಾನ್ಸ್ ಅಣೆಕಟ್ಟು ಕಟ್ಟಲು ತೊಡಗಿತು, 2020ರಲ್ಲಿ ನೀರು ತುಂಬಿಸಲು ಆರಂಭಿಸಿತು, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿತು. ಕೆಳಗಿರುವ ಈಜಿಪ್ಟಿಗೆ ಮಳೆಯೇ ಇಲ್ಲ ಎನ್ನುವಷ್ಟು ಕಡಿಮೆ. ನೈಲ್ ಬಿಟ್ಟರೆ ಗತಿಯಿಲ್ಲ. ಈಜಿಪ್ಟ್ ಮತ್ತು ಸುಡಾನ್ 1959ರಲ್ಲಿ ತಮ್ಮತಮ್ಮಲ್ಲೇ ನೀರು ಹಂಚಿಕೊಂಡವು, ಹೆಚ್ಚಿನ ನೀರು ಹುಟ್ಟುವ ಇಥಿಯೋಪಿಯ ಅದರಲ್ಲಿ ಸೇರಿರಲಿಲ್ಲ. ಮೈಸೂರು–ಮದ್ರಾಸ್ ನಡುವಣ, ಬ್ರಿಟಿಷರ ಕಾಲದ 1892 ಮತ್ತು 1924ರ ಕಾವೇರಿ ಒಪ್ಪಂದಗಳ ಬಗ್ಗೆ ಅಪ್ಪ, ಮಾವ ಮಾತಾಡುವುದನ್ನು ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಹನ್ನೆರಡು ಮಕ್ಕಳು, ಐದು ಶನಿವಾರ, ಒಂದೊಂದು ದಿನ ಎರಡು ಪೀರಿಯಡ್, ಅಂದರೆ 80 ನಿಮಿಷ. ಮೂವರ ಎರಡು ತಂಡ, ಮೂವರು ತೀರ್ಪುಗಾರರು, ಬೆಲ್ ಹೊಡೆಯಲು ಒಬ್ಬರು, ಅಂಕಿ ಪರೀಕ್ಷಿಸಲು ಇಬ್ಬರು. ತರಗತಿಯಲ್ಲಿ 40 ಮಕ್ಕಳಿದ್ದರೆ ಮೂರು ಗುಂಪು ಮಾಡಿ, ಒಂದೇ ದೊಡ್ಡ ಚರ್ಚೆ ಮಾಡಿಸಬೇಡಿ. ಆರು ಜನ ಮಾತಾಡಿ 34 ಜನ ಚಪ್ಪಾಳೆ ತಟ್ಟುವುದು ಶಾಲಾ ವಾರ್ಷಿಕೋತ್ಸವಕ್ಕೆ ಸರಿ.

ಮೊದಲ ಎರಡು ವಾರ: ಅಂಕಿ ಚೀಟಿ

ಮೊದಲೆರಡು ವಾರ ಯಾರೂ ಎದ್ದು ನಿಂತು ಮಾತಾಡುವಂತಿಲ್ಲ. ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿದ ಚಾರ್ಟ್ ಕಾಗದದ ಚೀಟಿ ತಲಾ ಎಂಟು ಕೊಡಿ. ಒಂದು ಚೀಟಿಗೆ ಒಂದೇ ಅಂಕಿ. ನಾಲ್ಕು ಸಾಲು ಬರೆಯಬೇಕು: ಅಂಕಿ ಮತ್ತು ಅದರ ಅಳತೆ, ಯಾವ ವರ್ಷದ್ದು, ಹೇಳಿದವರು ಯಾರು, ಹಾಗೆ ಹೇಳುವುದರಿಂದ ಅವರಿಗೇನು ಲಾಭ. ನಾಲ್ಕು ಚೀಟಿ ಇಥಿಯೋಪಿಯಕ್ಕೆ ಅನುಕೂಲವಾಗುವಂಥವು, ನಾಲ್ಕು ಈಜಿಪ್ಟಿಗೆ. ಯಾರು ಯಾವ ಪಕ್ಷ ಎಂದು ಈ ಹಂತದಲ್ಲಿ ಹೇಳಲೇಬೇಡಿ. ಹೇಳಿದಿರೋ, ಆ ಕ್ಷಣದಿಂದ ಎದುರು ಪಕ್ಷದ ಅಂಕಿ ಅವರ ಕಣ್ಣಿಗೇ ಬೀಳುವುದಿಲ್ಲ.

ಎರಡನೇ ಸಾಲು ಏಕೆ ಬೇಕು ಎಂದು ಕೇಳುವವರಿಗೆ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣದ ಲೀಥಿಯಂ ತೋರಿಸಿ. 2020ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು 14,100 ಟನ್. 2021ರಲ್ಲಿ ಕೇಂದ್ರ ಸರ್ಕಾರ ಹೇಳಿದ್ದು 1,600 ಟನ್, ಅದೂ ಪ್ರಾಥಮಿಕ ಸಮೀಕ್ಷೆಯ ಅಂದಾಜು; ಅಷ್ಟನ್ನೂ ತೆಗೆಯಬಹುದು ಎಂದಲ್ಲ. ಹಳೆಯ ಅಂಕಿ ಇಂದಿಗೂ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಓಡಾಡುತ್ತಿದೆ. ಒಂದೇ ಊರು, ಒಂದೇ ಮಣ್ಣು, ಒಂಬತ್ತು ಪಟ್ಟು ವ್ಯತ್ಯಾಸ.

ಮೂರನೇ ಸಾಲಿನಲ್ಲಿ ‘ಗೂಗಲ್’, ‘ಯೂಟ್ಯೂಬ್’, ‘ಚಾಟ್‌ಜಿಪಿಟಿ’ ಎಂದು ಬರೆದ ಚೀಟಿ ವಾಪಸ್. ಅವು ದಾರಿ, ಊರಲ್ಲ. ವಿಕಿಪೀಡಿಯವನ್ನು ಬೈಯಬೇಡಿ, ಲೇಖನದ ಕೆಳಗಿರುವ ಅಡಿಟಿಪ್ಪಣಿಗೆ ಹೋಗಿ ಅಲ್ಲಿನ ಹೆಸರನ್ನು ಬರೆಯಲು ಕಲಿಸಿ. ಯಾವುದೇ ಪುಟ ತೆರೆದ ತಕ್ಷಣ ಓದಲು ಕೂರಬಾರದು. ಆ ಸಂಸ್ಥೆ ಯಾರದು ಎಂದು ಬೇರೆ ಎರಡು ಕಡೆ ನೋಡಿ ಬಂದು ಆಮೇಲೆ ಓದಬೇಕು. ಈಜಿಪ್ಟಿನ ಅಲ್-ಅಹ್ರಾಮ್ ಪತ್ರಿಕೆ ಸರ್ಕಾರದ್ದು, ಇಥಿಯೋಪಿಯನ್ ನ್ಯೂಸ್ ಏಜೆನ್ಸಿಯೂ ಸರ್ಕಾರದ್ದೇ. ಎರಡೂ ಇಂಗ್ಲಿಷಿನಲ್ಲಿ ಸಿಗುತ್ತವೆ. ಒಂದೇ ದಿನದ ಸುದ್ದಿಯನ್ನು ಎರಡರಿಂದಲೂ ಐದೈದು ವಾಕ್ಯದಷ್ಟು ಪ್ರಿಂಟ್ ತೆಗೆದು ಪಕ್ಕಪಕ್ಕ ಅಂಟಿಸಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಐದಕ್ಕಿಂತ ಹೆಚ್ಚು ವಾಕ್ಯ ಕೊಟ್ಟರೆ ನಿಘಂಟು ನೋಡುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

74 ಎಂಬ ಗುಂಡಿ

ನೈಲ್ ವಿಷಯದಲ್ಲಿ ಹೆಚ್ಚಿನ ಮಕ್ಕಳು ಬೀಳುವ ಜಾಗ ಒಂದಿದೆ. ಅದನ್ನು ಮುಚ್ಚಬೇಡಿ, ಬೀಳಲಿ.

1959ರ ಒಪ್ಪಂದದಲ್ಲಿ ಈಜಿಪ್ಟಿಗೆ ವರ್ಷಕ್ಕೆ 55.5 ಶತಕೋಟಿ ಘನ ಮೀಟರ್, ಸುಡಾನ್‌ಗೆ 18.5. ಕೂಡಿದರೆ 74. ಇಥಿಯೋಪಿಯದ ಅಣೆಕಟ್ಟಿನ ಸಾಮರ್ಥ್ಯವೂ 74 ಶತಕೋಟಿ ಘನ ಮೀಟರ್. ಎರಡೂ 74 ಕಂಡದ್ದೇ ತಡ, “ಕೆಳಗಿನವರ ಪಾಲನ್ನೆಲ್ಲ ಇಥಿಯೋಪಿಯ ಹಿಡಿದಿಟ್ಟುಕೊಂಡಿದೆ” ಎಂದು ಬರೆದುಬಿಡುತ್ತಾರೆ. ಮೊದಲನೆಯದು ವರ್ಷವರ್ಷವೂ ಹರಿಯುವ ನೀರಿನ ಪಾಲು, ಎರಡನೆಯದು ಪಾತ್ರೆಯ ಅಳತೆ. ಹೀಗೆ ಹೇಳಿದರೆ ತಲೆ ಅಲ್ಲಾಡಿಸುತ್ತಾರೆ, ಅರ್ಥವಾಗಿರುವುದಿಲ್ಲ. ಕೆಆರ್‌ಎಸ್‌ಗೆ ತನ್ನಿ: ಕಟ್ಟೆ ಹಿಡಿಯುವುದು 49.45 ಟಿಎಂಸಿ. ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟ ವಾರ್ಷಿಕ ಪಾಲು 284.75 ಟಿಎಂಸಿ. ಪಾಲು ಕಟ್ಟೆಗಿಂತ ಐದು ಪಟ್ಟಿಗೂ ಹೆಚ್ಚು ಹೇಗೆ ಎಂದು ಕೇಳಿ. ಬೇರೆ ಕಟ್ಟೆಗಳೂ ಇವೆ, ನೀರು ತುಂಬುತ್ತಾ ಖಾಲಿಯಾಗುತ್ತಾ ಇರುತ್ತದೆ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಅಲ್ಲೇ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ. 74 ಶತಕೋಟಿ ಘನ ಮೀಟರ್ ಅಂದರೆ 7,400 ಕೋಟಿ ಘನ ಮೀಟರ್. ಒಂದು ಟಿಎಂಸಿ ಸುಮಾರು 2.83 ಕೋಟಿ ಘನ ಮೀಟರ್. ಭಾಗಿಸಿದರೆ ಸುಮಾರು 2,600 ಟಿಎಂಸಿ, ಹೆಚ್ಚು ಕಡಿಮೆ 53 ಕೆಆರ್‌ಎಸ್. ಆಗ ತರಗತಿ ಒಂದು ಗಳಿಗೆ ಮೌನ. ‘ಬಿಲಿಯನ್’ ಅನ್ನು ಕೋಟಿ ಎಂದೋ ‘ಮಿಲಿಯನ್’ ಎಂದೋ ಬರೆದುಕೊಂಡವರ ಉತ್ತರ ಇಲ್ಲಿ ಒಂದೂ ಕೆಆರ್‌ಎಸ್ ಆಗುವುದಿಲ್ಲ. ತಪ್ಪು ತಾನೇ ಮೇಲೆ ಬರುತ್ತದೆ.

ಇದೇ ಜಾತಿಯ ಇನ್ನೊಂದು ತಪ್ಪು ಅಡಿಯದು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ನೂರು ಅಡಿ ಇದೆ ಎಂದರೆ ಶೇ 80ರಷ್ಟು ನೀರಿದೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅರ್ಧಕ್ಕಿಂತ ಕಡಿಮೆ, ಏಕೆಂದರೆ ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ. ಪತ್ರಿಕೆಯಲ್ಲಿ ಬರುವ ಅಡಿ ಮತ್ತು ಟಿಎಂಸಿ ಎರಡನ್ನೂ ಒಂದು ತಿಂಗಳು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ಕ್ಯೂಸೆಕ್ ವೇಗ, ಟಿಎಂಸಿ ಪ್ರಮಾಣ ಎಂಬುದಕ್ಕೂ ಒಂದು ಲೆಕ್ಕ: ಸುಮಾರು 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ.

ಮೂರನೇ ವಾರ: ಚೀಟಿ ಎತ್ತಿ ಪಕ್ಷ

ನಮ್ಮ ಕಡೆಯ ಮಕ್ಕಳೆಲ್ಲ ಇಥಿಯೋಪಿಯವೇ ಬೇಕು ಎನ್ನುತ್ತಾರೆ. ಮೇಲಿನ ನಾಡು, ಬ್ರಿಟಿಷರ ಕಾಲದ ಹಂಗು, ಕಟ್ಟೆ ಕಟ್ಟಿದವರು. ನೆಂಟಸ್ತನ ತಾನಾಗಿಯೇ ಕೂಡಿಬರುತ್ತದೆ. ಆದ್ದರಿಂದ ಪಕ್ಷವನ್ನು ಚೀಟಿ ಎತ್ತಿಯೇ ಕೊಡಿ, ಅದೂ ಮಾತಿಗೆ 20 ನಿಮಿಷ ಮುಂಚೆ. ಹಿಂದಿನ ದಿನ ಕೊಟ್ಟರೆ ಮನೆಯಲ್ಲಿ ಅಣ್ಣನೋ ಟ್ಯೂಷನ್ ಮಿಸ್ಸೋ ಬರೆದುಕೊಟ್ಟದ್ದು ಕಂಠಪಾಠವಾಗಿ ಬರುತ್ತದೆ.

ಒಬ್ಬರಿಗೆ ಮೂರು ನಿಮಿಷ. “ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಪೂಜ್ಯ ಗುರುವೃಂದದವರೇ” ಎಂಬ ಪೀಠಿಕೆಗೆ ಅರ್ಧ ನಿಮಿಷ, ಕೊನೆಯ ಕವನಕ್ಕೆ ಇನ್ನರ್ಧ ಹೋಗುತ್ತದೆ. ಎರಡನ್ನೂ ನಿಷೇಧಿಸಿ. ಮೊದಲ ವಾಕ್ಯದಲ್ಲೇ ವಾದ, ಆಮೇಲೆ ಕಾರಣ, ಆಮೇಲೆ ಚೀಟಿ. ಗ್ರಾಂಥಿಕ ಕನ್ನಡಕ್ಕೂ ಒತ್ತಾಯಿಸಬೇಡಿ. ‘ನೀರ್ ಬುಡ್ದೆ ಇದ್ರೆ ಬೆಳೆ ಏನಾಯ್ತದೆ’ ಎಂದು ಸಲೀಸಾಗಿ ಕೇಳುವ ಹುಡುಗ ‘ಜಲವಿಮೋಚನೆಯ ಅನುಪಸ್ಥಿತಿಯಲ್ಲಿ’ ಎಂದು ಶುರು ಮಾಡಿದರೆ ಎರಡನೇ ವಾಕ್ಯಕ್ಕೇ ದಾರಿ ತಪ್ಪುತ್ತಾನೆ.

ಕಲಿಸಲು ಕಷ್ಟವಾದದ್ದು ಖಂಡನೆ. ಮಕ್ಕಳು ಎದುರಿನವರು ಮಾತಾಡುವಾಗ ತಮ್ಮ ಹಾಳೆ ನೋಡಿಕೊಳ್ಳುತ್ತಾ ಕೂತಿರುತ್ತಾರೆ. ಒಂದು ಉದ್ದ ಹಾಳೆಯನ್ನು ಮೂರು ಮಡಿಕೆ ಮಾಡಿಸಿ: ಎಡಕ್ಕೆ ಅವರು ಹೇಳಿದ್ದು, ನಡುವೆ ನಮ್ಮ ಉತ್ತರ, ಬಲಕ್ಕೆ ಅದಕ್ಕವರ ಮರುಮಾತು. ಎದ್ದವರು ಮೊದಲು ಎದುರು ತಂಡದ ಮಾತನ್ನು ತಮ್ಮ ಬಾಯಲ್ಲಿ ಹೇಳಬೇಕು, “ಹೌದು, ನಾವು ಹೇಳಿದ್ದು ಅದೇ” ಎಂದು ಅವರು ಒಪ್ಪಬೇಕು, ಆಮೇಲೆ ಉತ್ತರ. ಉತ್ತರಕ್ಕೆ ಮೂರೇ ದಾರಿ. ಉದಾಹರಣೆಗೆ, ಇಥಿಯೋಪಿಯ ಪಕ್ಷ “ವಿದ್ಯುತ್ ತಯಾರಿಸಿದ ನೀರು ಕೆಳಗೇ ಹರಿಯುತ್ತದೆ, ನಾವು ಕುಡಿದುಬಿಡುವುದಿಲ್ಲ” ಎಂದಿತು ಎನ್ನಿ. ಈಜಿಪ್ಟ್ ಪಕ್ಷದವರು ‘ಅದು ಸುಳ್ಳು’ ಎನ್ನಬಹುದು, ಆದರೆ ಸುಳ್ಳಲ್ಲ, ಸಿಕ್ಕಿಬೀಳುತ್ತಾರೆ. ‘ನಿಜ, ಆದರೆ ಅದರಿಂದ ನಿಮ್ಮ ವಾದ ನಿಲ್ಲುವುದಿಲ್ಲ, ಸತತ ಬರ ಬಂದು ಕಟ್ಟೆ ಮತ್ತೆ ತುಂಬಿಸುವಾಗ ನೀರು ಯಾವಾಗ ಬರುತ್ತದೆ ಎಂಬುದೇ ಪ್ರಶ್ನೆ’ ಎನ್ನಬಹುದು, ಇದು ಗಟ್ಟಿ. ‘ನಿಜ, ಆದರೆ ಅಣೆಕಟ್ಟಿನ 5,150 ಮೆಗಾವ್ಯಾಟ್ ವಿದ್ಯುತ್‌ಗಿಂತ ಕುಡಿಯುವ ನೀರು ದೊಡ್ಡದು’ ಎಂದು ತೂಗಬಹುದು. ಮಕ್ಕಳು ಸದಾ ಮೊದಲ ದಾರಿಗೆ ನುಗ್ಗುತ್ತಾರೆ. ಎರಡನೆಯದನ್ನು ಹಿಡಿಯುವವರೆಗೆ ಇದೊಂದನ್ನೇ ಅಭ್ಯಾಸ ಮಾಡಿಸಿ, ಉಳಿದದ್ದಕ್ಕೆ ಅವಸರವಿಲ್ಲ.

ಹತ್ತಕ್ಕೆ ಅಂಕ: ಖಂಡನೆಗೆ 4, ಪುರಾವೆಗೆ 3, ವಾದದ ಜೋಡಣೆಗೆ 2, ಮಾತಿನ ಶೈಲಿಗೆ 1. ಶೈಲಿಗೆ ಹೆಚ್ಚು ಕೊಟ್ಟರೆ ಪ್ರತಿ ಸಲವೂ ಗಂಟಲು ದೊಡ್ಡದಿರುವವರೇ ಗೆಲ್ಲುತ್ತಾರೆ. ಮಾತು ಮುಗಿದ ಮೇಲೆ ಅಂಕಿ ಪರೀಕ್ಷಿಸುವವರು ಪ್ರತಿ ತಂಡದಿಂದ ಎರಡು ಅಂಕಿ ಆರಿಸಿ ಚೀಟಿ ಕೇಳುತ್ತಾರೆ. ಚೀಟಿ ಇಲ್ಲದಿದ್ದರೆ ಆ ವಾದ ಲೆಕ್ಕಕ್ಕಿಲ್ಲ.

ನಾಲ್ಕನೇ ವಾರ ಅದೇ ವಾಕ್ಯ, ಪಕ್ಷ ಅದಲುಬದಲು.

ಐದನೇ ವಾರ: ಮನೆಯ ನದಿ

ಈಗ ಕಾವೇರಿ. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ. 2018ರಲ್ಲಿ ಸುಪ್ರೀಂ ಕೋರ್ಟ್ 14.75 ಟಿಎಂಸಿಯನ್ನು ಈ ಕಡೆಗೆ ಸೇರಿಸಿತು, ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದದ್ದು 177.25ಕ್ಕೆ ಇಳಿಯಿತು. ಇಷ್ಟು ಚೀಟಿ ನೀವೇ ಕೊಡಿ. ಒಂದು ತಂಡ ತಂಜಾವೂರಿನ ಕುರುವೈ ಭತ್ತದ ರೈತರಾಗಿ ಮಾತಾಡಬೇಕು. ಮೆಟ್ಟೂರು ಅಣೆಕಟ್ಟಿನಿಂದ ಜೂನ್ 12ಕ್ಕೆ ನೀರು ಬಿಡುವುದು ಅಲ್ಲಿನ ವಾಡಿಕೆ, ನಮ್ಮಲ್ಲಿ ಆ ಹೊತ್ತಿಗೆ ಮುಂಗಾರು ಇನ್ನೂ ಕಾಲಿಟ್ಟಿರುತ್ತದಷ್ಟೆ. ಜಗಳದ ಬೇರು ಎಷ್ಟು ನೀರು ಎಂಬುದರಲ್ಲಿರುವಷ್ಟೇ ಯಾವ ತಿಂಗಳು ಎಂಬುದರಲ್ಲೂ ಇದೆ ಎಂದು ಮಕ್ಕಳಿಗೆ ಹೊಳೆಯುವುದು ಇಲ್ಲಿ.

“ನಮ್ಮ ಹುಡುಗನ ಕೈಲಿ ತಮಿಳುನಾಡಿನ ಪರ ಮಾತಾಡಿಸ್ತೀರಾ ಮೇಷ್ಟ್ರೇ?” ಎಂದು ಪೋಷಕರು ಕೇಳುವುದು ಖಂಡಿತ. ಒಂದು ವಾರ ಮೊದಲೇ ಡೈರಿಯಲ್ಲಿ ಬರೆದು ಕಳಿಸಿ: ಪಕ್ಷ ಚೀಟಿಯಿಂದ ಬಂದದ್ದು, ಯಾವ ಪಕ್ಷವೂ ಯಾರಿಗೂ ಬರಬಹುದು, ಎದುರಿನವರ ವಾದ ಬಲ್ಲವರೇ ನಮ್ಮ ವಾದವನ್ನು ಗಟ್ಟಿಯಾಗಿ ಮಂಡಿಸಬಲ್ಲರು. ಮಳೆ ಕೈಕೊಟ್ಟು ಹೆದ್ದಾರಿಯಲ್ಲಿ ಧರಣಿ ನಡೆಯುತ್ತಿರುವ ವಾರದಲ್ಲಿ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ. ಆಗ ಮಕ್ಕಳ ಮೇಲೆ ಬೀಳುವ ಒತ್ತಡ ಚರ್ಚೆಯದಲ್ಲ.

ಮುಂದಿನ ಸುತ್ತಿಗೆ ವಿಷಯ ಬೇಕಿದ್ದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದೆ: 1960ರ ದಶಕದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ, ಭಾರತ ಮಾತ್ರ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹಾಕಬೇಕೇ? ಮಂಡ್ಯದವರಿಗೆ ಕಬ್ಬು ಇದೆ: ಭಾರತದ ಸಕ್ಕರೆ ನೆರವಿನ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯ, ಗ್ವಾಟೆಮಾಲ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು, 2021ರಲ್ಲಿ ತೀರ್ಪು ಭಾರತದ ವಿರುದ್ಧ ಬಂತು, ಭಾರತ ಮೇಲ್ಮನವಿ ಹಾಕಿತು, ಆದರೆ ಮೇಲ್ಮನವಿ ಕೇಳುವ ಪೀಠವೇ 2019ರ ಡಿಸೆಂಬರ್‌ನಿಂದ ಸದಸ್ಯರ ಕೊರತೆಯಿಂದ ಕೆಲಸ ಮಾಡದೆ ನಿಂತಿತ್ತು.

ಬಳಸಿದ ಚೀಟಿಗಳನ್ನು ಎಸೆಯದೆ ಬೂಟಿನ ಡಬ್ಬದಲ್ಲಿ ವಿಷಯವಾರು ಇಡಿ. ಮುಂದಿನ ವರ್ಷದ ತಂಡದ ಮೊದಲ ಕೆಲಸ ಅವನ್ನು ಪರೀಕ್ಷಿಸುವುದು. ಒಪ್ಪಂದದ ಅಂಕಿಗಳು ಹಾಗೇ ಉಳಿಯುತ್ತವೆ. ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ ಎಫ್‌ಆರ್‌ಪಿಯಂಥವು 2024–25ಕ್ಕೆ ಕ್ವಿಂಟಲ್‌ಗೆ 340 ರೂಪಾಯಿ ಇದ್ದದ್ದು 2025–26ಕ್ಕೆ 355 ಆಗಿರುತ್ತದೆ. ಹಳೆಯ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯಲಿ, ಅಳಿಸುವುದು ಬೇಡ.