ಮ್ಯಾಪ್ ಬಳಸುವ ಆ್ಯಪ್ ಬರೆಯುತ್ತಿದ್ದೀರಾ? ಮೊದಲು ಇಷ್ಟು ನೋಡಿಕೊಳ್ಳಿ

ಗೆಳೆಯರೇ, ಕೋಡ್ ಶುರು ಮಾಡುವ ಮುಂಚೆ ನಿಮ್ಮ ಡೇಟಾದಲ್ಲಿ ಅಕ್ಷಾಂಶ ಮೊದಲೋ, ರೇಖಾಂಶ ಮೊದಲೋ ನೋಡಿ. ಜಿಯೋಜೇಸನ್ (ಮ್ಯಾಪ್ ಡೇಟಾ ಇಡುವ ಫಾರ್ಮ್ಯಾಟ್), ಪೋಸ್ಟ್‌ಜಿಐಎಸ್ (ಸ್ಥಳದ ಡೇಟಾ ಇಡುವ ಡೇಟಾಬೇಸ್ ಸಾಫ್ಟ್‌ವೇರ್) ಎರಡರಲ್ಲೂ ರೇಖಾಂಶ ಮೊದಲು. ವೆಬ್ ಪುಟದಲ್ಲಿ ಮ್ಯಾಪ್ ತೋರಿಸುವ ಲೀಫ್‌ಲೆಟ್ ಲೈಬ್ರರಿಯಲ್ಲಿ ಅಕ್ಷಾಂಶ ಮೊದಲು. ಬೆಂಗಳೂರಿನ 12.97, 77.59 ಅದಲುಬದಲಾದರೆ ಪಿನ್ ಹೋಗಿ ನಾರ್ವೆಯ ಸ್ವಾಲ್ಬಾರ್ಡ್ ಹತ್ತಿರ ಬೀಳುತ್ತದೆ. ಎರಡೂ ಸಂಖ್ಯೆ 90ರ ಒಳಗೇ ಇರುವುದರಿಂದ ಎರರ್ ಕೂಡ ಬರುವುದಿಲ್ಲ. ಕರ್ನಾಟಕದ ಡೇಟಾ ಆದರೆ ಒಂದು ಚೆಕ್ ಹಾಕಿಬಿಡಿ: ಅಕ್ಷಾಂಶ 11ರಿಂದ 19, ರೇಖಾಂಶ 74ರಿಂದ 79ರ ಒಳಗಿರಬೇಕು.

ಇನ್ನು ಅಳತೆ. ಇದರಲ್ಲೇ ಜಾಸ್ತಿ ಜನ ಎಡವುವುದು. ಜಿಪಿಎಸ್ ಕೊಡುವುದು ಡಿಗ್ರಿ, ಅಂದರೆ ಇಪಿಎಸ್‌ಜಿ 4326 (ಇಪಿಎಸ್‌ಜಿ ಅಂದರೆ ಸ್ಥಳ ಗುರುತಿಸುವ ಒಂದೊಂದು ಪದ್ಧತಿಗೂ ಕೊಟ್ಟಿರುವ ಕೋಡ್). ಅದಕ್ಕೆ ಸುಮ್ನೆ ಪೈಥಾಗೊರಸ್ ಸೂತ್ರ ಹಾಕಬೇಡಿ. ವೆಬ್ ಮ್ಯಾಪ್‌ಗಳು ಬಳಸುವ ಇಪಿಎಸ್‌ಜಿ 3857 ಪದ್ಧತಿ ಮೀಟರ್‌ನಲ್ಲಿದೆ ನಿಜ, ಆದರೆ ಅದು ತೋರಿಸುವುದಕ್ಕೆ ಮಾತ್ರ. ಬೆಂಗಳೂರಿನಲ್ಲಿ ಅದರಿಂದ ಲೆಕ್ಕ ಹಾಕಿದರೆ ಉದ್ದ ಸುಮಾರು ಶೇ 2.6, ವಿಸ್ತೀರ್ಣ ಶೇ 5ರಷ್ಟು ಹೆಚ್ಚು ಬರುತ್ತದೆ. ಎಕರೆಗೆ ಎರಡು ಗುಂಟೆ! ರೈತರ ಜಮೀನಿನ ಆ್ಯಪ್‌ನಲ್ಲಿ ಇದು ಸಣ್ಣ ತಪ್ಪಲ್ಲ, ಅಲ್ವಾ?

ವಿಸ್ತೀರ್ಣಕ್ಕೆ ಯುಟಿಎಂ (ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಭಾಗಿಸಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ಬಳಸಿ. ರಾಜ್ಯದ ಬಹುಪಾಲಿಗೆ ಇಪಿಎಸ್‌ಜಿ 32643 ಸರಿ. 78 ಡಿಗ್ರಿ ರೇಖಾಂಶ ದಾಟಿದರೆ, ಉದಾಹರಣೆಗೆ ಕೋಲಾರ ಪಟ್ಟಣಕ್ಕೆ, 32644.

ಪೋಸ್ಟ್‌ಜಿಐಎಸ್‌ನಲ್ಲಿ ಜಿಯಾಗ್ರಫಿ ಟೈಪ್ ಇಟ್ಟರೆ ದೂರ ನೇರವಾಗಿ ಮೀಟರ್‌ನಲ್ಲೇ ಸಿಗುತ್ತದೆ. 'ಹತ್ತಿರದ ಅಂಗಡಿ' ತರಹದ ಹುಡುಕಾಟಕ್ಕೆ ಎಸ್‌ಟಿ_ಡಿವಿದಿನ್ (ಇಷ್ಟು ದೂರದೊಳಗೆ ಇದೆಯೇ ಎಂದು ನೋಡುವ ಫಂಕ್ಷನ್) ಬಳಸಿ, ಸ್ಥಳ ಇಟ್ಟಿರುವ ಕಾಲಂಗೆ ಜಿಸ್ಟ್ ಇಂಡೆಕ್ಸ್ (ಸ್ಥಳದ ಡೇಟಾವನ್ನು ಬೇಗ ಹುಡುಕಲು ಇರುವ ಸೂಚಿ) ಹಾಕಿ. ದೂರ ಲೆಕ್ಕ ಹಾಕುವ ಎಸ್‌ಟಿ_ಡಿಸ್ಟನ್ಸ್‌ನಿಂದ ಫಿಲ್ಟರ್ ಮಾಡಿದರೆ ಆ ಇಂಡೆಕ್ಸ್ ಬಳಕೆಯಾಗುವುದಿಲ್ಲ, ಕ್ವೆರಿ ನಿಧಾನವಾಗುತ್ತದೆ.