‘ಲೆನ್ಸ್ ಹೋಗಿದೆ’ ಅಂದಿದ್ದ ಸಿಡಿ ಪ್ಲೇಯರ್ ಹಳೇ ಲೆನ್ಸಿನಲ್ಲೇ ಹಾಡ್ತಿದೆ

ಸೆಟ್ಟು 90ರ ದಶಕದ ಶುರುವಿನ ಸೋನಿ, ಒಳಗಿರೋದು ಕೆಎಸ್‌ಎಸ್-240ಎ ಪಿಕಪ್ (ಲೇಸರ್, ಲೆನ್ಸ್ ಎರಡೂ ಇರುವ, ಡಿಸ್ಕ್ ಓದುವ ಭಾಗ). ಮಂಡ್ಯ ಕಡೆಯ ಮನೆಯಲ್ಲಿ ಇದ್ದದ್ದು, ಪಕ್ಕದಲ್ಲೇ ಆಲೆಮನೆ. ಹಾಗಾಗಿ ಒಳಗಿನ ಹೊಗೆ, ಧೂಳು, ಜಿಡ್ಡಿನ ಲೆಕ್ಕ ಹೇಳೋದೇ ಬೇಡ. ಮೈಸೂರಿನಲ್ಲಿ ಈಗ ಸಿಡಿ ಸೆಟ್ ಮುಟ್ಟುವವರೇ ಕಡಿಮೆ. ಮುಟ್ಟುವವರೂ ಮುಚ್ಚಳ ತೆಗೆಯೋದಕ್ಕೆ ಮುಂಚೆಯೇ ‘ಲೆನ್ಸ್ ಹೋಗಿದೆ, ಬದಲಾಯಿಸಬೇಕು’ ಅಂತಾರೆ. ಎರಡೂವರೆ ಸಾವಿರ ಕೇಳಿದವರೂ ಉಂಟು. ಹಳೇ ಪಿಕಪ್ ಇಟ್ಟುಕೊಂಡೇ ಸರಿಮಾಡ್ತೀನಿ ಅಂದಾಗ ನಕ್ಕವರಿಗೆ ಈ ಬರಹ.

ತೊಂದರೆ ಹೀಗಿತ್ತು: ಡಿಸ್ಕ್ ಹಾಕಿದರೆ ಟಿಒಸಿ (ಡಿಸ್ಕಿನ ಶುರುವಿನಲ್ಲಿರುವ ಹಾಡುಗಳ ಪಟ್ಟಿ) ಸಲೀಸಾಗಿ ಓದುತ್ತೆ, ಮೊದಲನೇ ಹಾಡು ಅರ್ಧ ನಿಮಿಷ ಚೆನ್ನಾಗಿ ಬರುತ್ತೆ, ಆಮೇಲೆ ಅದೇ ಸಾಲು ಮತ್ತೆ ಮತ್ತೆ, ಇಲ್ಲವೇ ಮುಂದಕ್ಕೆ ನೆಗೆತ. ಕೊನೆಯ ಹಾಡುಗಳಲ್ಲಿ ನೆಗೆತ ಇದ್ದರೂ ಒಂದು ನೆಗೆತಕ್ಕೂ ಇನ್ನೊಂದಕ್ಕೂ ಅಂತರ ಜಾಸ್ತಿ, ನಿಮಿಷದ ಮೇಲೆ. ಟ್ರ್ಯಾಕ್ ಬಟನ್ ಒತ್ತಿದರೆ ಮಾತ್ರ ಪಿಕಪ್ ಈ ತುದಿಯಿಂದ ಆ ತುದಿಗೆ ಸರಕ್ಕನೆ ಓಡುತ್ತೆ. ಪಿಕಪ್ಪನ್ನು ಹೀಗೆ ಓಡಿಸುವ ರಾಡ್, ಗಿಯರ್, ಮೋಟರಿನ ಜೋಡಣೆಗೇ ಸ್ಲೆಡ್ ಅನ್ನೋದು. ಎಲ್ಲರೂ ಮೋಸಹೋಗೋದು ಇಲ್ಲೇ. ‘ನೋಡಿ ಸ್ವಾಮಿ, ಸ್ಲೆಡ್ ಎಷ್ಟು ಚೆನ್ನಾಗಿ ಓಡ್ತಿದೆ, ಅಲ್ಲೇನೂ ಇಲ್ಲ’ ಅಂತಾರೆ.

ಬಟನ್ ಒತ್ತಿದಾಗ ಸ್ಲೆಡ್ ಮೋಟರಿಗೆ ಪೂರ್ತಿ ವೋಲ್ಟೇಜ್ ಸಿಗುತ್ತೆ, ಅಂಟು ಇದ್ದರೂ ಕಿತ್ತುಕೊಂಡು ಓಡುತ್ತೆ. ಹಾಡುವಾಗ ಹಾಗಲ್ಲ. ಟ್ರ್ಯಾಕಿನ ಸಾಲುಗಳ ಅಂತರ 1.6 ಮೈಕ್ರಾನ್, ಮೊದಲ ಹಾಡು ಇರುವ ಒಳಗಡೆ ಡಿಸ್ಕ್ ತಿರುಗೋದು ನಿಮಿಷಕ್ಕೆ ಸುಮಾರು 500 ಸುತ್ತು, ಹೊರಗಡೆ 200. ಅಂದರೆ ಪಿಕಪ್ ಒಳಗಡೆ ನಿಮಿಷಕ್ಕೆ 0.8 ಮಿಲಿಮೀಟರ್ ಸರಿಯಬೇಕು, ಹೊರ ಅಂಚಿನಲ್ಲಿ 0.32. ಲೆನ್ಸ್ ತಾನೇ ಹೊರಳಿ ಹಿಂಬಾಲಿಸಬಲ್ಲದ್ದು ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟರೊಳಗೆ ಸ್ಲೆಡ್ ಒಂದು ಚೂರು ಸರಿದು ಲೆನ್ಸನ್ನು ನಡುವಿಗೆ ತರಬೇಕು. ತರದಿದ್ದರೆ ಲೆನ್ಸ್ ಪೂರ್ತಿ ಒಂದು ಕಡೆ ವಾಲಿ ಟ್ರ್ಯಾಕ್ ಕೈಬಿಡುತ್ತೆ. ಮೊದಲ ಹಾಡಿನಲ್ಲಿ ಅರ್ಧ ನಿಮಿಷಕ್ಕೊಂದು ನೆಗೆತ, ಕೊನೆಯಲ್ಲಿ ನಿಮಿಷದ ಮೇಲೆ. ಲೆಕ್ಕ ತಾಳೆ ಆಯ್ತಲ್ಲ? ಲೇಸರ್ ಸೊರಗಿದ ಸೆಟ್ ಹೀಗೆ ಗಡಿಯಾರ ಹಿಡಿದ ಹಾಗೆ ನೆಗೆಯಲ್ಲ, ಸಿಕ್ಕಸಿಕ್ಕಲ್ಲಿ ನೆಗೆಯುತ್ತೆ, ಎಷ್ಟೋ ಸಲ ಟಿಒಸಿಯನ್ನೇ ಓದಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಡಿಜಿಟಲ್ ಮೀಟರ್ ಬದಿಗಿಡಿ, ಮುಳ್ಳಿನ ಮೀಟರ್ ತಗೊಳ್ಳಿ. ಸ್ಲೆಡ್ ಮೋಟರಿನ ಎರಡು ಕಾಲಿಗೆ ಹಚ್ಚಿ, ಡಿಸ್ಕ್ ಹಾಡಲಿ. ಒಳ್ಳೇ ಸೆಟ್ಟಿನಲ್ಲಿ ಮುಳ್ಳು ಮೆಲ್ಲಗೆ ಅರ್ಧ ವೋಲ್ಟ್ ಆಸುಪಾಸಿಗೆ ಏರಿ, ಗಿಯರ್ ಒಂದು ಹಲ್ಲಿನಷ್ಟೂ ಇಲ್ಲದ ಹಾಗೆ ಮಿಸುಕಿ, ಮುಳ್ಳು ಕೆಳಗಿಳಿಯುತ್ತೆ. ಇದರಲ್ಲಿ ಏರುತ್ತಾ ಏರುತ್ತಾ ಎರಡು ವೋಲ್ಟ್ ಹತ್ತಿರ ಹೋಯ್ತು, ಗಿಯರ್ ಅಲ್ಲಾಡಲಿಲ್ಲ, ಹಾಡು ನೆಗೆಯಿತು, ಮುಳ್ಳು ದಡಕ್ಕನೆ ಬಿತ್ತು. ಇಷ್ಟು ನೋಡಿದ ಮೇಲೆ ಪಿಕಪ್ಪಿನ ಮಾತೇ ಬೇಡ.

ಆದರೂ ಸಂಶಯ ತೀರಲಿ ಅಂತ ಲೇಸರ್ ಕರೆಂಟ್ ಅಳೆದದ್ದೂ ಆಯ್ತು. ಪಿಕಪ್ ಮೇಲಿನ ಚೀಟಿಯ ಕೊನೆಯ ಮೂರು ಅಂಕಿ ನೋಡಿ. 475 ಅಂತಿದ್ದರೆ 47.5 ಮಿಲಿ ಆಂಪ್. ಲೇಸರ್ ಡ್ರೈವ್ ಟ್ರಾನ್ಸಿಸ್ಟರಿನ ರೆಸಿಸ್ಟರ್ 22 ಓಮ್ ಆಗಿದ್ದರೆ ಅದರ ಮೇಲೆ 1.05 ವೋಲ್ಟ್ ಆಸುಪಾಸು ಬರಬೇಕು. ಚೀಟಿಗಿಂತ ಶೇ 10ರೊಳಗೆ ಹೆಚ್ಚಿದ್ದರೆ ಚಿಂತೆ ಇಲ್ಲ. ಇದರಲ್ಲಿ 49 ಮಿಲಿ ಆಂಪ್ ಚಿಲ್ಲರೆ ಬಂತು, ಮೂವತ್ತು ವರ್ಷದ ಲೇಸರಿಗೆ ಅದು ಭೇಷ್. ಲೆನ್ಸಿನೊಳಕ್ಕೆ ನೇರ ಕಣ್ಣಿಟ್ಟು ನೋಡಬೇಡಿ. 780 ನ್ಯಾನೋಮೀಟರ್ ಬೆಳಕು ಹೆಚ್ಚೂಕಮ್ಮಿ ಕಾಣಲ್ಲ, ಕಣ್ಣಿಗೆ ಮಾತ್ರ ಹೊಡೆಯುತ್ತೆ.

ಬದಲಿ ಪಿಕಪ್ ಹಾಕಿಯೂ ನೋಡಿದ್ದಿದೆ. ಆನ್‌ಲೈನಿನಲ್ಲಿ ಏಳುನೂರು ರೂಪಾಯಿ ಚಿಲ್ಲರೆ. ಡಬ್ಬಿಯ ಮೇಲೆ ಅದೇ ನಂಬರು, ಒಳಗಿನ ಮಾಲು ಬೇರೆ. ಆರ್‌ಎಫ್ (ಪಿಕಪ್ ಡಿಸ್ಕಿನಿಂದ ಓದಿದ ಸಿಗ್ನಲ್) ಪಾಯಿಂಟಿನಲ್ಲಿ ಸ್ಕೋಪ್ (ಸಿಗ್ನಲ್ಲಿನ ಆಕಾರ ತೋರಿಸುವ ಯಂತ್ರ) ಇಟ್ಟರೆ ಹಳೇದರಲ್ಲಿ 1.2 ವೋಲ್ಟ್ ಹತ್ತಿರ, ನಡುವಿನ ವಜ್ರಾಕೃತಿಗಳು ಕೊರೆದಿಟ್ಟ ಹಾಗೆ. ಹೊಸದರಲ್ಲಿ 0.8, ಅದೂ ಮಸುಕು ಮಸುಕು. ನೆಗೆತವೂ ಹಾಗೇ ಇತ್ತು, ಸ್ಲೆಡ್ ಅದೇ ಅಲ್ಲವೇ. ಏಳುನೂರು ನೀರಿಗೆ ಹೋಯ್ತು.

ಈಗ ಕೆಲಸ. ರಾಡ್ ಸಮೇತ ಪಿಕಪ್ ಬಿಚ್ಚಿ. ಫ್ಲೆಕ್ಸ್ (ಪಟ್ಟಿಯಂಥ ತೆಳು ಕೇಬಲ್) ಕೀಳುವ ಮುಂಚೆ ಪಿಕಪ್ ಬೋರ್ಡಿನಲ್ಲಿ ಲೇಸರ್ ಶಾರ್ಟ್ ಮಾಡುವ ಜಾಗಕ್ಕೆ ಒಂದು ಹನಿ ಸೀಸ ಹಾಕಿ, ಮತ್ತೆ ಜೋಡಿಸಿದ ಮೇಲೆ ಅದನ್ನು ತೆಗೆಯಿರಿ. ಹಳೇ ಗ್ರೀಸು ಕಂದು ಅರಗಿನ ಹಾಗೆ ಕೂತಿರುತ್ತೆ, ಬಟ್ಟೆಗೆ ಬರಲ್ಲ. ಶೇ 99ರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಐದು ನಿಮಿಷ ಬಿಡಿ, ಚೂಪು ಮಾಡಿದ ಬಿದಿರು ಕಡ್ಡಿಯಲ್ಲಿ ಗಿಯರಿನ ಹಲ್ಲು ಹಲ್ಲಿಗೂ ಕೆರೆಯಿರಿ. ಸೂಜಿ, ಬ್ಲೇಡ್ ಬೇಡ. ರಾಡ್ ತೂರುವ ಬುಷ್ ಒಳಗೂ ಇದೇ ಅರಗು ಇರುತ್ತೆ, ಬಹಳ ಜನ ರಾಡ್ ಒರೆಸಿ ಬುಷ್ ಬಿಟ್ಟುಬಿಡ್ತಾರೆ. ಹತ್ತಿಯನ್ನು ಕಡ್ಡಿಗೆ ಸುತ್ತಿ, ಕಂದು ಬಣ್ಣ ಬರೋದು ನಿಲ್ಲೋವರೆಗೂ ತಿರುಗಿಸಿ. ಪರೀಕ್ಷೆ ಸುಲಭ. ಗಿಯರ್ ಬಿಡಿಸಿ ಚಾಸಿಸ್ಸನ್ನು ಓರೆ ಹಿಡಿದರೆ ಪಿಕಪ್ ತನ್ನ ತೂಕಕ್ಕೇ ಜಾರಬೇಕು.

ಜಾರಿತು, ಆದರೂ ಒಂದೇ ಜಾಗದಲ್ಲಿ ಮೀಟರಿನ ಮುಳ್ಳು ಮೇಲೇರುತ್ತಿತ್ತು. ಅದು ಸ್ಲೆಡ್ ಮೋಟರಿನ ಸತ್ತ ಜಾಗ. ಮೋಟರ್ ಬಿಚ್ಚಿ, ಅರ್ಧ ವೋಲ್ಟಿಗೆ ಹೊರಡುತ್ತಾ ನೋಡಿ, ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಎಲ್ಲಾ ಕಡೆಯಿಂದಲೂ ನೋಡಿ. ಎಲ್ಲೋ ಒಂದು ಕಡೆ ಹೊರಡದಿದ್ದರೆ ಒಳಕ್ಕೆ ಒಂದು ಹನಿ ಕಾಂಟ್ಯಾಕ್ಟ್ ಕ್ಲೀನರ್, 4 ವೋಲ್ಟಿನಲ್ಲಿ ಎರಡೂ ದಿಕ್ಕಿಗೆ ಎರಡು ಮೂರು ನಿಮಿಷ. ಇದಕ್ಕೆ ಅಷ್ಟೇ ಸಾಕಾಯ್ತು.

ಎಣ್ಣೆಯ ವಿಷಯ. ಕೊಬ್ಬರಿಎಣ್ಣೆ ಹಚ್ಚಿ ಕೊಡುವವರು ಇನ್ನೂ ಇದ್ದಾರೆ. ಬೇಸಿಗೆಯಲ್ಲಿ ಸೆಟ್ ಚೆನ್ನಾಗಿ ಹಾಡುತ್ತೆ, ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ರಾಡಿನ ಮೇಲೂ ಗಟ್ಟಿಯಾಗುತ್ತೆ. ತುಕ್ಕು ಬಿಡಿಸುವ ಸ್ಪ್ರೇ ಒಂದೆರಡು ತಿಂಗಳು, ಆಮೇಲೆ ಒಣಗಿ ಧೂಳು ಹಿಡಿಯುತ್ತೆ. ಹೊಲಿಗೆ ಯಂತ್ರದ ಎಣ್ಣೆ ರಾಡಿಗೆ ಮಾತ್ರ ಪರವಾಗಿಲ್ಲ, ಹಚ್ಚಿ ಒರೆಸಿಬಿಡಬೇಕು. ಗಿಯರಿಗೆ ಪ್ಲಾಸ್ಟಿಕ್ ತಿನ್ನದ ಸಿಲಿಕೋನ್ ಗ್ರೀಸ್, ಸಾಸಿವೆ ಕಾಳಿನಷ್ಟು. ರಾಡಿಗೆ ನಾನು ಹಾಕುವ ಮಿಶ್ರಣ ಬೇರೆ, ಅದು ನನ್ನ ಹತ್ತಿರವೇ ಇರಲಿ.

ಸ್ಲೆಡ್ ಸರಿಯಾದ ಮೇಲೂ ಮೊದಲ ಹಾಡಿನಲ್ಲಿ ಅಪರೂಪಕ್ಕೆ ಒಂದು ನೆಗೆತ ಉಳಿಯಿತು. ಡಿಸ್ಕ್ ಜೋರಾಗಿ ತಿರುಗುವ ಜಾಗ ಅದು, ಡಿಸ್ಕ್ ತಿರುಗಿಸುವ ಸ್ಪಿಂಡಲ್ ಮೋಟರ್ ಮೇಲೆ ಅನುಮಾನ ಬರಲೇಬೇಕು. ಬೋರ್ಡಿನಿಂದ ವೈರ್ ಬಿಡಿಸಿ, ಓಮ್ ಇಟ್ಟು ಕೈಯಲ್ಲಿ ನಿಧಾನ ತಿರುಗಿಸಿದರೆ ಹನ್ನೆರಡು ಓಮ್ ತೋರಿಸುತ್ತಿದ್ದದ್ದು ಒಂದು ಜಾಗದಲ್ಲಿ ನಾಲ್ಕಕ್ಕೆ ಬೀಳುತ್ತಿತ್ತು. ಬ್ರಶ್ಶಿನ ಇಂಗಾಲದ ಪುಡಿ ಕಮ್ಯುಟೇಟರಿನ (ಬ್ರಶ್ ಉಜ್ಜುವ ತಾಮ್ರದ ಪಟ್ಟಿಗಳ) ಸಂದಿಯಲ್ಲಿ ತುಂಬಿಕೊಂಡ ಲಕ್ಷಣ. ಕ್ಲೀನರ್ ಹಾಕಿದರೆ ಸರಿಹೋಗುತ್ತೆ, ಆದರೆ ಸ್ಪಿಂಡಲ್ಲಿನಲ್ಲಿ ಅದು ಬಾಳಿಕೆ ಬರಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರವತ್ತು ರೂಪಾಯಿಗೆ ಮೋಟರ್ ಸಿಕ್ಕಿತು. ಶಾಫ್ಟಿನ ದಪ್ಪ, ಉದ್ದ, ವೈಂಡಿಂಗ್ ಓಮ್ ಮೂರೂ ಹೊಂದಬೇಕು. ಡಿಸ್ಕ್ ಕೂರುವ ತಟ್ಟೆ ಕೀಳುವ ಮುಂಚೆ ಚಾಸಿಸ್ಸಿನಿಂದ ಅದರ ಎತ್ತರ ವರ್ನಿಯರಿನಲ್ಲಿ ಅಳೆದು ಬರೆದಿಡಿ, ಹತ್ತನೇ ಒಂದು ಮಿಲಿಮೀಟರಿನವರೆಗೆ. ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ತಟ್ಟೆ ಸೀಳುತ್ತೆ. ಸಂದಿ ಕೊಯ್ದ ಅಲ್ಯೂಮಿನಿಯಂ ತಗಡು ಎರಡು ಕಡೆಯಿಂದ ತೂರಿಸಿ ಸಮನಾಗಿ ಎತ್ತಬೇಕು.

ಪ್ರೀಸೆಟ್ಟುಗಳು (ಬೋರ್ಡಿನ ಮೇಲೆ ತಿರುಗಿಸಿ ಹೊಂದಿಸುವ ಪುಟ್ಟ ಸ್ಕ್ರೂಗಳು) ಕೊನೆಗೆ. ಶುರುವಿನಲ್ಲೇ ಟ್ರ್ಯಾಕಿಂಗ್ ಗೇನ್ (ಲೆನ್ಸ್ ಟ್ರ್ಯಾಕ್ ಹಿಂಬಾಲಿಸುವ ಬಿಗಿ) ಏರಿಸಿದರೆ ನೆಗೆತ ಒಂದಿಷ್ಟು ದಿನ ಅಡಗಿ, ಲೆನ್ಸ್ ಕಾಯಿಲಿನಿಂದ ಗುಂಯ್ ಅನ್ನೋ ಸದ್ದು ಬರೋಕೆ ಶುರುವಾಗುತ್ತೆ. ಅಂಥ ಸೆಟ್ಟುಗಳನ್ನು ಬೇಕಾದಷ್ಟು ನೋಡಿದ್ದೀನಿ. ಇದರಲ್ಲಿ ಹಿಂದೆ ಯಾರೋ ತಿರುಗಿಸಿದ್ದ ಗುರುತು ಇತ್ತು, ಸ್ಕೋಪ್ ನೋಡಿಕೊಂಡು ಫೋಕಸ್ ಬಯಾಸ್ (ಲೆನ್ಸಿನ ಫೋಕಸ್ ಹೊಂದಿಸುವುದು) ಮಾತ್ರ ಕೂದಲೆಳೆಯಷ್ಟು ತಿರುಗಿಸಬೇಕಾಯ್ತು. ಸರ್ವೋ (ಲೆನ್ಸ್, ಮೋಟರುಗಳನ್ನು ನಿಯಂತ್ರಿಸುವ ಸರ್ಕ್ಯೂಟ್) ಹತ್ತಿರದ ಕಂಡೆನ್ಸರುಗಳ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್) ಚೆನ್ನಾಗಿತ್ತು, ಮುಟ್ಟಲಿಲ್ಲ.

ಗೆರೆ ಬಿದ್ದ ಡಿಸ್ಕುಗಳ ಮೇಲೆ ಟೂತ್‌ಪೇಸ್ಟ್ ಪ್ರಯೋಗವೂ ನಡೆಯಿತು. ಬಿಳಿ ಪೇಸ್ಟು, ಜೆಲ್ ಅಲ್ಲ. ಒಳಗಿನಿಂದ ಹೊರಕ್ಕೆ ನೇರವಾಗಿ ಉಜ್ಜಬೇಕು, ಸುತ್ತುಸುತ್ತಾಗಿ ಉಜ್ಜಿದರೆ ಬೀಳುವ ಗೆರೆ ಟ್ರ್ಯಾಕಿನ ಉದ್ದಕ್ಕೂ ಕೂತು ಇನ್ನೂ ಕೆಡುತ್ತೆ. ಸಣ್ಣ ಗೆರೆಗೆ ಫಲ ಇದೆ. ಹೆಸರು ಅಚ್ಚಾದ ಮೇಲ್ಭಾಗದಲ್ಲಿ ಗೆರೆ ಬಿದ್ದಿದ್ದರೆ ಬಿಟ್ಟುಬಿಡಿ. ಬೆಳ್ಳಗಿನ ಪದರ ಇರೋದು ಅಲ್ಲೇ, ತೆಳು ವಾರ್ನಿಷಿನ ಕೆಳಗೆ.

ಲೆಕ್ಕ: ಐಪಿಎ, ಕ್ಲೀನರ್, ಗ್ರೀಸ್ ಬಳಸಿದಷ್ಟಕ್ಕೆ ಐವತ್ತು, ಮೋಟರ್ ಅರವತ್ತು, ಟ್ರೇ ಬೆಲ್ಟ್ ಮೂವತ್ತು. ಈಗ 74 ನಿಮಿಷದ ಡಿಸ್ಕ್ ಆ ತುದಿಯವರೆಗೂ ಓದುತ್ತೆ, ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ಕೂಡ. ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಮಾತ್ರ ಓದಲ್ಲ. ಅದರಿಂದ ವಾಪಸ್ ಬರುವ ಬೆಳಕು ಈ ಕಾಲದ ಪಿಕಪ್ಪಿಗೆ ಸಾಲದು, ಅದಕ್ಕೆ ಯಾವ ಪ್ರೀಸೆಟ್ಟೂ ತಿರುಗಿಸಬೇಡಿ.