ಎರಡು ಫೋನಿನಲ್ಲಿ ಶಬ್ದದ ವೇಗ ಅಳೆದದ್ದು: ನನ್ನ ಅನುಭವ

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಶಬ್ದದ ವೇಗಕ್ಕೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್), ನೀರು ತುಂಬಿದ ಕೊಳವೆ ಇಟ್ಟು ಮಾಡುವ ಪ್ರಯೋಗ ನಮ್ಮಲ್ಲಿ ಇದ್ದೇ ಇದೆ. ಅದರ ಜೊತೆಗೆ ಈಗ ಫೋನಿನಿಂದಲೂ ಅಳೆಸುತ್ತೇನೆ. ಮಕ್ಕಳು ಕಾಲೇಜಿಗೆ ಫೋನ್ ತರುವಂತಿಲ್ಲ, ಹಾಗಾಗಿ ಒಂದು ನನ್ನದು, ಇನ್ನೊಂದು ಸಹೋದ್ಯೋಗಿಯದು.

ಬಳಸುವುದು ಫೈಫಾಕ್ಸ್ ಅನ್ನೋ ಉಚಿತ ಆಪ್. ಜರ್ಮನಿಯ ಆಹೆನ್‌ನ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ತಂದದ್ದು. ಅದರಲ್ಲಿ ಶಬ್ದ ಕೇಳಿದರೆ ಶುರುವಾಗಿ, ಮತ್ತೊಂದು ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನನ್ನು 5 ಮೀಟರ್ ದೂರದಲ್ಲಿ ಇಡುತ್ತೇವೆ. ಮೊದಲ ಫೋನಿನ ಪಕ್ಕ ಒಬ್ಬರು ಚಪ್ಪಾಳೆ ತಟ್ಟುತ್ತಾರೆ. ಆ ವಾಚ್ ಕೂಡಲೇ ಓಡುತ್ತದೆ, ಶಬ್ದ ತಲುಪಿದ ಮೇಲೆ ಇನ್ನೊಂದು. ಸ್ವಲ್ಪ ಹೊತ್ತು ಬಿಟ್ಟು ಎರಡನೇ ಫೋನಿನ ಹತ್ತಿರ ಇದ್ದವರು ತಟ್ಟಿದರೆ, ಎರಡನೆಯದರ ವಾಚ್ ಮೊದಲು ನಿಲ್ಲುತ್ತದೆ, ಮೊದಲ ಫೋನಿನದು ಆಮೇಲೆ. ಎರಡೂ ತೋರಿಸುವ ಸಮಯದ ವ್ಯತ್ಯಾಸವೇ ಶಬ್ದ 10 ಮೀಟರ್ ಸಾಗಲು ತೆಗೆದುಕೊಂಡ ಸಮಯ. 30 ಡಿಗ್ರಿ ಇದ್ದಾಗ ಸುಮಾರು 0.029 ಸೆಕೆಂಡ್ ಬರಬೇಕು. ಎರಡು ಗಡಿಯಾರ ಹೊಂದಿಸುವ ಕೆಲಸವೇ ಇಲ್ಲ. ತಟ್ಟುವವರು ಬೇಗ ತಟ್ಟಲಿ, ತಡವಾಗಿ ತಟ್ಟಲಿ, ಉತ್ತರ ಬದಲಾಗಲ್ಲ. ಎಷ್ಟು ಚೆಂದದ ಉಪಾಯ ಅಲ್ವಾ!

ಗೋಡೆಗಳ ಮಧ್ಯೆ ಪ್ರತಿಧ್ವನಿಗೇ ವಾಚ್ ನಿಂತುಬಿಡುತ್ತದೆ. ಅದಕ್ಕೆ ಮೈದಾನವೇ ವಾಸಿ. ಆಪ್‌ನಲ್ಲಿ ಎಷ್ಟು ಜೋರು ಶಬ್ದಕ್ಕೆ ವಾಚ್ ಸ್ಪಂದಿಸಬೇಕು ಅನ್ನೋ ಮಿತಿಯನ್ನು ಸುತ್ತಲಿನ ಗಲಾಟೆಗಿಂತ ಸ್ವಲ್ಪ ಜಾಸ್ತಿ ಇಡಿ. ದೂರವನ್ನು ಮೈಕಿನಿಂದ ಮೈಕಿಗೆ ಅಳೆಯಿರಿ. 10 ಸೆಂಟಿಮೀಟರ್ ತಪ್ಪಿದರೆ ವೇಗ ಸೆಕೆಂಡಿಗೆ 7 ಮೀಟರ್ ಆಚೀಚೆ ಆಗುತ್ತದೆ.

ಪ್ರಯೋಗಗಳಲ್ಲಿ ಫೋನ್ ಬಳಸುವ ಬಗ್ಗೆ ಅಧ್ಯಯನ ಹೊಸದೇನಲ್ಲ. ಅಮೆರಿಕದ 'ದಿ ಫಿಸಿಕ್ಸ್ ಟೀಚರ್' ಪತ್ರಿಕೆಯಲ್ಲಿ 2012ರಲ್ಲೇ ಇದಕ್ಕೊಂದು ಅಂಕಣ ಶುರುವಾಯಿತು. ಅದಕ್ಕೂ ಮೊದಲು, 2002ರಲ್ಲಿ, ಅಮೆರಿಕದ ಕೊಲರಾಡೋದಲ್ಲಿ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆ ಮೇಲೆ ಮಾಡುವ ಅಣಕು ಪ್ರಯೋಗಗಳು, ಬಂದವು. ಕಣ್ಣಿಗೆ ಕಾಣದ ಎಲೆಕ್ಟ್ರಾನು, ಕ್ಷೇತ್ರರೇಖೆ ತೋರಿಸಲು ನಾನೂ ಅವನ್ನು ಹಾಕುತ್ತೇನೆ. ಆದರೆ ಅಳತೆ ಕಲಿಸಲು ನನ್ನ ಆಯ್ಕೆ ಫೋನಿನ ಮೈಕಿನಂಥ ಸೆನ್ಸರ್. ಅದರಲ್ಲಿ ಗಾಳಿ, ಗದ್ದಲ, ಟೇಪಿನ ಸೊಟ್ಟ ಎಲ್ಲ ಸೇರಿರುತ್ತೆ. ಉತ್ತರ ಪ್ರತಿ ಸಲ ಬೇರೆ ಬಂದಾಗಲೇ ಮಕ್ಕಳು ಸರಾಸರಿ ಯಾಕೆ ಅಂತ ಕೇಳುವುದು.

ಬೆಳಿಗ್ಗೆ 20 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಇದ್ದರೆ ವ್ಯತ್ಯಾಸ ಕಾಣುತ್ತದಾ? ವೇಗ ಬದಲಾಗುವುದು ಸೆಕೆಂಡಿಗೆ 6 ಮೀಟರಿನಷ್ಟೇ. 5 ಮೀಟರ್ ದೂರದಲ್ಲಿ ಅದು ಅರ್ಧ ಮಿಲಿಸೆಕೆಂಡ್, ಹಿಡಿಯುವುದು ಕಷ್ಟ. 20 ಮೀಟರಿಗೆ ಹೋದರೆ 2 ಮಿಲಿಸೆಕೆಂಡ್ ಸಿಗುತ್ತದೆ. ಅಷ್ಟು ದೂರಕ್ಕೆ ಚಪ್ಪಾಳೆ ಸಾಲದು. ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯಿರಿ.